ಊಟದ ತಟ್ಟೆ ಹಿಡಿದು ದೆಹಲಿಗೆ

ಶಿಕ್ಷಕಿ: ಪಟ್ಟಿ ಮಾಡಿಕೊಂಡು ಬಂದಿದ್ದೇನೆ ಸರ್, ಒಮ್ಮೆ ಕಣ್ಣಾಡಿಸಿ. ಡಿಸೆಂಬರ್ ಮೊದಲ ವಾರ ಕರ್ನಾಟಕ ಎಕ್ಸ್‌ಪ್ರೆಸ್. ವಾಡಿಯಲ್ಲಿ ಹತ್ತಿದರೆ ಮರುದಿನ ದೆಹಲಿ. ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ರಾಷ್ಟ್ರಪತಿ ಭವನ, ಸಂಸತ್ತು, ಸುಪ್ರೀಂ ಕೋರ್ಟ್, ಲೋಟಸ್ ಟೆಂಪಲ್. ಬರುವಾಗ ಆಗ್ರಾ ಇಳಿದು ತಾಜ್‌ಮಹಲ್. ಒಂಬತ್ತನೇ ತರಗತಿಯ ಮಕ್ಕಳು. ಬಿಇಒ ಕಚೇರಿಗೆ ಅರ್ಜಿ ಹೋಗಿದೆ.

ಹಿರಿಯರು: ಇದರಲ್ಲಿ ಮುಕ್ಕಾಲು ಭಾಗ ಹೊಡೆದುಹಾಕು ತಂಗಿ. ಸಂಸತ್ತು, ಸುಪ್ರೀಂ ಕೋರ್ಟ್, ರಾಷ್ಟ್ರಪತಿ ಭವನ ಇರಲಿ. ಉಳಿದದ್ದನ್ನು ಮಕ್ಕಳು ದೊಡ್ಡವರಾದ ಮೇಲೆ ಅವರೇ ಹೋಗಿ ನೋಡಿಕೊಳ್ಳುತ್ತಾರೆ.

ಶಿಕ್ಷಕಿ: ಇವರಲ್ಲಿ ಎಷ್ಟು ಮಂದಿ ಮತ್ತೊಮ್ಮೆ ದೆಹಲಿ ನೋಡುತ್ತಾರೋ ಗೊತ್ತಿಲ್ಲ ಸರ್. ಅಷ್ಟು ದೂರ ಕರೆದುಕೊಂಡು ಹೋಗಿ ತಾಜ್‌ಮಹಲ್ ತೋರಿಸದೆ ವಾಪಸ್ ಬಂದರೆ ತಾಯಂದಿರು ನನ್ನನ್ನು ಬಿಡುವುದಿಲ್ಲ.

ಹಿರಿಯರು: ತಾಜ್‌ಮಹಲ್ ಇಟ್ಟುಕೋ ಹಾಗಾದರೆ, ತಾಯಂದಿರ ಮಾತಿಗೆ ನಾನು ಎದುರಾಡುವುದಿಲ್ಲ. ಆದರೆ ಪ್ರವಾಸ ಮುಗಿಸಿ ಬಂದ ಮಕ್ಕಳು ಬರೆಯುವ ಪ್ರಬಂಧಗಳನ್ನು ನೀನೂ ಓದಿದ್ದೀಯ. ರಾಷ್ಟ್ರಪತಿ ಭವನದಲ್ಲಿ 340 ಕೋಣೆಗಳಿವೆ, ಹಳೆಯ ಸಂಸತ್ ಭವನಕ್ಕೆ 144 ಕಂಬಗಳಿವೆ, ಎಲ್ಲವೂ ಬಹಳ ಸುಂದರವಾಗಿತ್ತು, ನಾವೆಲ್ಲ ಬಹಳ ಸಂತೋಷಪಟ್ಟೆವು. ಕಂಬ ಎಣಿಸುವುದಕ್ಕೆ ಅಷ್ಟು ದೂರ ಹೋಗಬೇಕೇ? ಆ ಕಂಬಗಳ ಒಳಗೆ ಏನು ನಡೆಯಿತು, ಅದಕ್ಕೂ ತನಗೂ ಏನು ಸಂಬಂಧ ಅನ್ನುವುದು ಆ ಪ್ರಬಂಧಗಳಲ್ಲಿ ಎಲ್ಲೂ ಇರುವುದಿಲ್ಲ. ನಾವು ಹೇಳಿಕೊಟ್ಟಿದ್ದರೆ ತಾನೆ ಇರುವುದು.

ಶಿಕ್ಷಕಿ: ಅದನ್ನು ಪಾಠದಲ್ಲೇ ಹೇಳಿರುತ್ತೇವಲ್ಲ ಸರ್. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ.

ಹಿರಿಯರು: ಹೇಳಿರುತ್ತೀರಿ, ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ನಾನು ಹೇಳುವುದು ಬೇರೆ. ನಿನ್ನ ಶಾಲೆಯಲ್ಲಿ ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲುತ್ತಾರಲ್ಲ, ಅಲ್ಲಿಂದ ಶುರು ಮಾಡು. ಈ ಅನ್ನ ಎಲ್ಲಿಂದ ಬಂತು ಎಂದು ಕೇಳು. ಅಡುಗೆಯವರು ಮಾಡಿದರು ಅನ್ನುತ್ತಾರೆ. ಅಕ್ಕಿ ಎಲ್ಲಿಂದ ಬಂತು? ಸರ್ಕಾರ ಕೊಟ್ಟಿತು. ಸರ್ಕಾರ ಯಾಕೆ ಕೊಟ್ಟಿತು? ಅಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಅಲ್ಲಿಂದ ನೀನು ದೆಹಲಿಗೆ ಕರೆದುಕೊಂಡು ಹೋಗು.

ಶಿಕ್ಷಕಿ: 2001ರ ಸುಪ್ರೀಂ ಕೋರ್ಟ್ ಆದೇಶದ ಮಾತೇ?

ಹಿರಿಯರು: ಅದೇ. ಆ ವರ್ಷ ರಾಜಸ್ಥಾನದಲ್ಲಿ ಬರ. ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ತುಂಬಿ ಹಾಳಾಗುತ್ತಿದೆ, ಹೊರಗೆ ಜನ ಉಪವಾಸ ಇದ್ದಾರೆ. ಇದು ಹೇಗೆ ಸರಿ ಎಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಕೋರ್ಟಿಗೆ ಹೋಯಿತು. ನವೆಂಬರ್ 28ರಂದು ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು, ಕಡಿಮೆಯೆಂದರೆ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಬರೀ ಧಾನ್ಯ ಹಂಚಿ ಕೈತೊಳೆದುಕೊಳ್ಳುವ ಹಾಗಿಲ್ಲ, ಬೇಯಿಸಿಯೇ ಬಡಿಸಬೇಕು. ಮರುವರ್ಷ, 2002ರಲ್ಲಿ, ಕರ್ನಾಟಕದಲ್ಲಿ ಶಾಲೆಯ ಬಿಸಿಯೂಟದ ಅಕ್ಷರ ದಾಸೋಹ ಶುರುವಾದದ್ದು ಎಲ್ಲಿ? ಬೆಂಗಳೂರಲ್ಲಲ್ಲ, ಮೈಸೂರಲ್ಲಲ್ಲ. ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ. ಆಗಿನ ಗುಲ್ಬರ್ಗವೂ ಅದರಲ್ಲಿತ್ತು. ನಿನ್ನ ಮಗು ಸುಪ್ರೀಂ ಕೋರ್ಟಿನ ಮೆಟ್ಟಿಲ ಮುಂದೆ ನಿಂತು, ನನ್ನ ತಟ್ಟೆಯ ಅನ್ನದ ಮಾತು ಇಲ್ಲಿ ತೀರ್ಮಾನವಾಯಿತು ಎಂದು ಒಮ್ಮೆ ತಿಳಿದುಕೊಂಡರೆ ಸಾಕು. ಅದು ಮನೆಗೆ ಬಂದು ಕಂಬದ ಲೆಕ್ಕ ಬರೆಯುವುದಿಲ್ಲ.

ಶಿಕ್ಷಕಿ: ಕೋರ್ಟಿನ ಕಟ್ಟಡ ತಕ್ಕಡಿಯ ಆಕಾರದಲ್ಲಿದೆ ಎಂದು ಹೇಳಿಕೊಡಬೇಕು ಅಂದುಕೊಂಡಿದ್ದೆ. ನಡುವೆ ಮುಖ್ಯ ಕೋರ್ಟು, ಎರಡೂ ಕಡೆ ತಟ್ಟೆಗಳ ಹಾಗೆ ರೆಕ್ಕೆಗಳು.

ಹಿರಿಯರು: ಅದನ್ನೂ ಹೇಳು. ಅದನ್ನು ವಿನ್ಯಾಸ ಮಾಡಿದ ಗಣೇಶ ದೇವಲಾಲೀಕರ್ ಅವರ ಹೆಸರೂ ಹೇಳು. ಕೇಂದ್ರ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥರಾದ ಮೊದಲ ಭಾರತೀಯ ಅವರು. ಕೋರ್ಟು ಆ ಕಟ್ಟಡಕ್ಕೆ ಬಂದದ್ದು 1958ರಲ್ಲಿ. ಅಲ್ಲಿಯವರೆಗೆ ಹಳೆಯ ಸಂಸತ್ ಭವನದಲ್ಲಿ ರಾಜಮಹಾರಾಜರ ಮಂಡಲಿಗೆ ಮಾಡಿಸಿದ್ದ ಕೋಣೆಯಲ್ಲಿ ಕೂತು ನ್ಯಾಯ ಹೇಳುತ್ತಿತ್ತು. ಅರಸರಿಗೆಂದು ಕಟ್ಟಿದ ಕೋಣೆಯಲ್ಲಿ ಪ್ರಜೆಗಳ ಮೂಲಭೂತ ಹಕ್ಕಿನ ಮೊದಲ ಮೊಕದ್ದಮೆಗಳು ನಡೆದವು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಿನ್ನ ಮಕ್ಕಳಿಗೂ ಅನ್ನಲಿ.

ಶಿಕ್ಷಕಿ: ಸಂಸತ್ ಭವನಕ್ಕೂ ಹೀಗೇ ಮನೆಯ ಬಾಗಿಲಿಂದ ಒಂದು ದಾರಿ ಇದೆಯೇ ಸರ್? ಹಳೆಯದರಲ್ಲಿ ತೋರಿಸುವುದಕ್ಕೆ ಬಹಳ ಇದೆ, ಅದು ಗೊತ್ತು. 1927ರಲ್ಲಿ ಉದ್ಘಾಟನೆ, 1929ರ ಏಪ್ರಿಲ್ 8ಕ್ಕೆ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಬಾಂಬು ಎಸೆದದ್ದು, 1946ರ ಡಿಸೆಂಬರ್ 9ಕ್ಕೆ ಸಂವಿಧಾನ ರಚನಾ ಸಭೆ ಮೊದಲು ಸೇರಿದ್ದು, 1947ರ ಆಗಸ್ಟ್ ನಡುರಾತ್ರಿಯ ಸಭೆ. ಈಗ ಅದಕ್ಕೆ ಸಂವಿಧಾನ ಸದನ ಎಂದು ಹೆಸರು. ಆದರೆ ಇದೆಲ್ಲ ದೇಶದ ಕಥೆ. ಅಲ್ಲಿ ನಮ್ಮವರು ಯಾರಿದ್ದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ.

ಹಿರಿಯರು: ನಮ್ಮವರು ಅಂದರೆ ಕನ್ನಡಿಗರೋ, ನಮ್ಮ ಜಿಲ್ಲೆಯವರೋ?

ಶಿಕ್ಷಕಿ: ಎರಡೂ.

ಹಿರಿಯರು: ಕನ್ನಡಿಗರ ಹೆಸರು ಸಿಗುತ್ತದೆ. ಮೈಸೂರಿನಿಂದ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ. ಮುಂಬೈ ಪ್ರಾಂತ್ಯದಿಂದ ನಿಜಲಿಂಗಪ್ಪ, ಆರ್.ಆರ್. ದಿವಾಕರ. ಸದಸ್ಯರಲ್ಲದಿದ್ದರೂ ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದ ಸಲಹೆಗಾರ ಬೆನಗಲ್ ನರಸಿಂಗರಾಯರು ಕರಾವಳಿಯ ಮನೆತನದವರು. ಆದರೆ ನಮ್ಮ ಜಿಲ್ಲೆಯಿಂದ ಯಾರೂ ಇರಲಿಲ್ಲ. ಕಲಬುರಗಿ, ಬೀದರ್, ರಾಯಚೂರು, ಎಲ್ಲಿಂದಲೂ ಇಲ್ಲ. ನಡುರಾತ್ರಿ ಆ ಸಭಾಂಗಣದಲ್ಲಿ ಸ್ವಾತಂತ್ರ್ಯ ಘೋಷಣೆಯಾಗುವಾಗ ನಿನ್ನ ಮಕ್ಕಳ ಮುತ್ತಜ್ಜಂದಿರು ನಿಜಾಮರ ಪ್ರಜೆಗಳು. ಇಲ್ಲಿ ತ್ರಿವರ್ಣ ಧ್ವಜ ಹಿಡಿದವರು ಜೈಲಿಗೆ ಹೋದರು. ನಮಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಆ ಹೊತ್ತಿಗೆ ಸಂವಿಧಾನದ ಕರಡು ಅಚ್ಚಾಗಿ ದೇಶದ ಕೈಯಲ್ಲಿತ್ತು. ಹೈದರಾಬಾದ್ ಸಂಸ್ಥಾನದ ಪ್ರತಿನಿಧಿಗಳು ಆ ಸಭೆಯಲ್ಲಿ ಕೂರಲೇ ಇಲ್ಲ. 1949ರ ನವೆಂಬರ್ 23ರಂದು ನಿಜಾಮರು ಫರ್ಮಾನು ಹೊರಡಿಸಿ ಆ ಸಂವಿಧಾನ ತಮ್ಮ ಸಂಸ್ಥಾನಕ್ಕೂ ಅನ್ವಯಿಸುತ್ತದೆ ಎಂದು ಒಪ್ಪಿದರು. ಮೂರು ದಿನ ಬಿಟ್ಟು, 26ಕ್ಕೆ, ಸಭೆ ಅದನ್ನು ಅಂಗೀಕರಿಸಿತು. ದೇಶದ ಅತಿ ದೊಡ್ಡ ಗ್ರಂಥ ಬರೆಯುವಾಗ ನಮ್ಮ ಪರವಾಗಿ ಒಬ್ಬರೂ ಎದ್ದು ನಿಂತು ಮಾತಾಡಲಿಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಬೇಡ.

ಶಿಕ್ಷಕಿ: ಅಷ್ಟು ದೂರ ಕರೆದುಕೊಂಡು ಹೋಗಿ, ಇಲ್ಲಿ ನಿಮ್ಮವರು ಯಾರೂ ಇರಲಿಲ್ಲ ಅನ್ನುವುದೇ? ಮುಖ ಬಾಡುತ್ತದೆ ಸರ್.

ಹಿರಿಯರು: ಅಷ್ಟಕ್ಕೇ ನಿಲ್ಲಿಸಿದರೆ ಬಾಡುತ್ತದೆ. ನಿಲ್ಲಿಸಬೇಡ. ಅವರನ್ನು ಇಂಡಿಯಾ ಗೇಟ್ ಹತ್ತಿರದ ಅಶೋಕ ರಸ್ತೆಗೆ ಕರೆದುಕೊಂಡು ಹೋಗು. ಅಲ್ಲಿ ಹೈದರಾಬಾದ್ ಹೌಸ್ ಇದೆ. ರಾಷ್ಟ್ರಪತಿ ಭವನ ಕಟ್ಟಿದ ಲಟ್ಯೆನ್ಸ್‌ನ ಕೈಯಿಂದಲೇ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಕಟ್ಟಿಸಿದ ಅರಮನೆ. 1928ರ ಹೊತ್ತಿಗೆ ಮುಗಿಯಿತು. ಈಗ ವಿದೇಶಾಂಗ ಇಲಾಖೆಯ ವಶದಲ್ಲಿದೆ, ಬೇರೆ ದೇಶದ ಪ್ರಧಾನಿಗಳು ಬಂದರೆ ನಮ್ಮ ಪ್ರಧಾನಿ ಕೂತು ಮಾತಾಡುವುದು ಅಲ್ಲಿಯೇ. ಒಳಗೆ ಬಿಡುವುದಿಲ್ಲ, ಬೇಕಾಗಿಯೂ ಇಲ್ಲ. ಗೇಟಿನ ಹೊರಗೆ ನಿಲ್ಲಿಸಿ ಹೇಳು: ಈ ಮನೆ ಕಟ್ಟಿಸಿದ ದೊರೆಯ ಬೊಕ್ಕಸಕ್ಕೆ ಚಿತ್ತಾಪುರದ ರೈತನೂ, ಸೇಡಂನ ರೈತನೂ ಕಂದಾಯ ಕಟ್ಟಿದ್ದಾನೆ. ಸಂವಿಧಾನ ಬರೆದ ಕಡೆ ನಮಗೆ ಜಾಗ ಇರಲಿಲ್ಲ, ಆದರೆ ದೆಹಲಿಯ ಈ ಗೋಡೆಯಲ್ಲಿ ನಮ್ಮ ಬೆವರಿದೆ.

ಶಿಕ್ಷಕಿ: ಇದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಬರೆದುಕೊಂಡೆ.

ಹಿರಿಯರು: ಅದಾದ ಮೇಲೆ ಮತ್ತೆ ಸಂಸತ್ತಿನ ಕಡೆ ತಿರುಗು. ಇನ್ನೊಂದು ಕಥೆ ಹೇಳುವುದಿದೆ. ಈ ಭಾಗ ಹಿಂದೆ ಬಿದ್ದಿದೆ, ಆಂಧ್ರದವರಿಗೆ ಕೊಟ್ಟ ಹಾಗೆ ನಮಗೂ ಸಂವಿಧಾನದಲ್ಲೇ ವಿಶೇಷ ಸ್ಥಾನ ಬೇಕು ಎಂದು ಇಲ್ಲಿಯ ಜನ ಬೀದಿಗಿಳಿದರು. ವೈಜನಾಥ ಪಾಟೀಲರು ಅದಕ್ಕಾಗಿ ಎಷ್ಟು ವರ್ಷ ಹೋರಾಡಿದರು! ದೆಹಲಿ ಒಮ್ಮೆ ಆಗುವುದಿಲ್ಲ ಎಂದೂ ಹೇಳಿತ್ತು. ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿತು, 371ಜೆ ವಿಧಿ ಬಂತು. ಸಂವಿಧಾನ ತಿದ್ದಬೇಕಾದರೆ ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ ಬೇಕು, ಜೊತೆಗೆ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಬೇಕು. ಕೇರಳದವರು, ಅಸ್ಸಾಮಿನವರು, ನಮ್ಮ ಊರ ಹೆಸರು ಕೇಳದವರು ಕೂಡ ನಮಗಾಗಿ ಕೈ ಎತ್ತಬೇಕಾಯಿತು. ನಾಳೆ ನಿನ್ನ ಹುಡುಗಿಯೊಬ್ಬಳು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಸೇರುವಾಗ ಈ ಭಾಗದ ಮಕ್ಕಳಿಗೆಂದು ಇಟ್ಟ ಶೇ 70 ಸೀಟುಗಳಲ್ಲಿ ಒಂದು ಅವಳದಾಗಬಹುದು. ಆ ಸೀಟು ಹುಟ್ಟಿದ್ದು ಈ ದುಂಡು ಕಟ್ಟಡದಲ್ಲಿ. ಅಲ್ಲ, ನಾನು ತಪ್ಪಿಲ್ಲದೆ ಹೇಳಬೇಕು: ಹುಟ್ಟಿದ್ದು ಕಲಬುರಗಿಯ ಬೀದಿಯಲ್ಲಿ, ಕಾನೂನಾದದ್ದು ಅಲ್ಲಿ.

ಶಿಕ್ಷಕಿ: ಆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಸರಿಯಾಗುತ್ತದೆ. ಮೊದಲು ಯಾರೂ ಇರಲಿಲ್ಲ, ಆಮೇಲೆ ಕೇಳಿ ಪಡೆದರು.

ಹಿರಿಯರು: ಪಡೆದದ್ದರಿಂದ ಎಲ್ಲ ಸರಿಹೋಯಿತು ಎಂದು ಮಾತ್ರ ಹೇಳಬೇಡ. ನಿನ್ನ ಶಾಲೆಯಲ್ಲೇ ಗಣಿತಕ್ಕೆ ಮೇಷ್ಟ್ರಿಲ್ಲ.

ಶಿಕ್ಷಕಿ: ಹೌದು, ಅದು ಮಕ್ಕಳಿಗೆ ಹೇಳದೆಯೇ ಗೊತ್ತಿದೆ. ಸರ್, ಒಂದು ವಿಷಯಕ್ಕೆ ಮಾತ್ರ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಕಂಬ ಎಣಿಸುವುದಕ್ಕೆ ಹೋಗಬೇಕೇ ಅಂದಿರಿ. ನನ್ನ ತರಗತಿಯ ಅರ್ಧ ಮಕ್ಕಳು ಖಣಿಯವರ ಮಕ್ಕಳು. ಅಪ್ಪ ಶಹಾಬಾದ್ ಕಲ್ಲು ಒಡೆಯುತ್ತಾನೆ, ಅವ್ವ ಹೊರುತ್ತಾಳೆ. ಅವರು ಕಲ್ಲನ್ನು ನೋಡುವ ಹಾಗೆ ನೀವೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಪದರ ಯಾವ ಕಡೆ ಬಿಡುತ್ತದೆ, ಎಲ್ಲಿ ಉಳಿ ಇಟ್ಟರೆ ಸೀಳುತ್ತದೆ ಎಂದು ಮುಟ್ಟಿ ಹೇಳುತ್ತಾರೆ. ರಾಯಸೀನಾ ಗುಡ್ಡದ ಮೇಲೆ ಕೆಳಗೆ ಕೆಂಪು, ಮೇಲೆ ಕೆನೆಬಣ್ಣದ ಧೋಲ್‌ಪುರದ ಮರಳುಗಲ್ಲು ನೋಡಿದಾಗ ಅವರು ಮೊದಲು ಕೇಳುವುದು ಯಾವ ರಾಷ್ಟ್ರಪತಿ ಎಂದಲ್ಲ, ಇದನ್ನು ಒಡೆದವರು ಯಾರು ಎಂದು. ಕಟ್ಟಡ ನೋಡಿ ಬೆರಗಾಗುವುದು ಅವರಿಗೆ ಸಣ್ಣ ಸಂಗತಿಯಲ್ಲ. ತಮ್ಮ ಮನೆಯ ಕಸುಬು ಎಷ್ಟು ಎತ್ತರಕ್ಕೆ ಹೋಗಬಹುದು ಎಂದು ಅವರು ಕಾಣುವುದು ಅಲ್ಲೇ.

ಹಿರಿಯರು: ಈ ಮಾತು ನನಗೆ ಹೊಳೆದಿರಲಿಲ್ಲ ತಂಗಿ. ಹಾಗಾದರೆ ಕಂಬ ಎಣಿಸಲಿ, ಮುಟ್ಟಿಯೂ ನೋಡಲಿ. ರಾಜಸ್ಥಾನದಿಂದ ಬಂದ ಗಂಡಸರೂ ಹೆಂಗಸರೂ ಹೊತ್ತು, ಕೆತ್ತಿ ಎಬ್ಬಿಸಿದ ಊರು ಅದು. ಕಲ್ಲುಹಲಗೆಗಳ ಮೇಲೆ ವಾಸ್ತುಶಿಲ್ಪಿಗಳ, ವೈಸ್‌ರಾಯ್‌ಗಳ ಹೆಸರುಗಳಿವೆ. ಇವರ ಹೆಸರಿಲ್ಲ. ನಿನ್ನ ಮಕ್ಕಳು ಅದನ್ನು ಕೇಳಿದರೆ ಆ ಪ್ರಶ್ನೆಗಿಂತ ದೊಡ್ಡ ಪಾಠ ನನ್ನ ಹತ್ತಿರ ಇಲ್ಲ.

ಶಿಕ್ಷಕಿ: ಇನ್ನೊಂದೂ ತೋರಿಸಬೇಕು ಅಂದುಕೊಂಡಿದ್ದೇನೆ. ಕರ್ತವ್ಯ ಪಥದಲ್ಲಿ ಇಂಡಿಯಾ ಗೇಟ್ ಕಡೆಯಿಂದ ನಡೆದುಕೊಂಡು ಬಂದರೆ ರಾಷ್ಟ್ರಪತಿ ಭವನದ ಗುಮ್ಮಟ ದೂರದಿಂದ ಚೆನ್ನಾಗಿ ಕಾಣುತ್ತದೆ. ಏರು ಹತ್ತುವ ಜಾಗಕ್ಕೆ ಬಂದ ಹಾಗೆ ಕಟ್ಟಡ ಕೆಳಗಿಳಿದು ಮರೆಯಾಗುತ್ತದೆ, ಮೇಲೆ ಹೋದ ಮೇಲೆ ಮತ್ತೆ ಕಾಣುತ್ತದೆ.

ಹಿರಿಯರು: ಆ ಇಳಿಜಾರಿನ ಬಗ್ಗೆ ಲಟ್ಯೆನ್ಸ್‌ಗೂ ಹರ್ಬರ್ಟ್ ಬೇಕರ್‌ಗೂ ದೊಡ್ಡ ಜಗಳವೇ ಆಯಿತು. ಬೇಕರ್ ತಾನು ಕಟ್ಟಿದ ಸೆಕ್ರೆಟರಿಯೇಟ್ ಬ್ಲಾಕುಗಳನ್ನು ಅದೇ ಗುಡ್ಡದ ಮೇಲೆ ಎತ್ತರದಲ್ಲಿ ಇಡಿಸಿದ, ಲಟ್ಯೆನ್ಸ್‌ನ ಅರಮನೆ ಮರೆಯಾಯಿತು. ಅರಮನೆ ಎಲ್ಲ ಕಡೆಯಿಂದಲೂ ಪ್ರಜೆಗಳ ತಲೆಯ ಮೇಲೆ ಕಾಣಬೇಕು ಅನ್ನುವುದು ಲಟ್ಯೆನ್ಸ್‌ನ ಆಸೆ. 1911ರ ದರ್ಬಾರಿನಲ್ಲಿ ರಾಜಧಾನಿ ಬದಲಿಸುತ್ತೇವೆ ಎಂದು ಚಕ್ರವರ್ತಿ ಘೋಷಿಸಿದ ಮೇಲೆ ಶುರುವಾದ ಊರು, 1931ಕ್ಕೆ ಉದ್ಘಾಟನೆ. ಹದಿನಾರು ವರ್ಷ ಮಾತ್ರ ಅದು ಬ್ರಿಟಿಷರ ಕೈಯಲ್ಲಿತ್ತು. ಆಮೇಲೆ ಅದೇ ಮನೆಯಲ್ಲಿ ನಾವು ಆರಿಸಿದ ರಾಷ್ಟ್ರಪತಿ ಬಂದು ಕೂತರು.

ಶಿಕ್ಷಕಿ: ರಾಷ್ಟ್ರಪತಿ ಭವನಕ್ಕೆ ಆನ್‌ಲೈನಿನಲ್ಲಿ ಹೊತ್ತು ಕಾಯ್ದಿರಿಸಬೇಕು, ಸೋಮವಾರ ರಜೆ. ಸಂಸತ್ತಿನದೇ ಚಿಂತೆ. ಅಧಿವೇಶನ ನಡೆಯುವಾಗ ಗ್ಯಾಲರಿಯಲ್ಲಿ ಕೂರಿಸಬೇಕು ಎಂದು ನನ್ನ ಹಟ. 2023ರ ಡಿಸೆಂಬರ್ 13ರಂದು ಗ್ಯಾಲರಿಯಿಂದ ಇಬ್ಬರು ಸದನದೊಳಗೆ ಹಾರಿದ ಮೇಲೆ ತಪಾಸಣೆ ಬಹಳ ಬಿಗಿಯಾಗಿದೆ.

ಹಿರಿಯರು: ಬಿಗಿಯಾಗಲಿ, ಈಗಲೇ ಸಂಸದರಿಗೆ ಪತ್ರ ಬರೆ. ಮಕ್ಕಳ ಕೈಯಲ್ಲೇ ಬರೆಸು. ಬೆಳಿಗ್ಗೆ 11ಕ್ಕೆ ಲೋಕಸಭೆಯ ಪ್ರಶ್ನೋತ್ತರ ವೇಳೆ, ಅದಕ್ಕೆ ಹೊಂದುವ ಹಾಗೆ ಪಾಸ್ ಕೇಳು. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಅವಕ್ಕೆ ಮಂತ್ರಿ ಎದ್ದು ನಿಂತು ಬಾಯಿಯಲ್ಲಿ ಉತ್ತರ ಕೊಡಬೇಕು. ಮಂತ್ರಿಯಾದರೂ ಕೇಳಿದವರಿಗೆ ಉತ್ತರ ಕೊಡಲೇಬೇಕು ಅನ್ನುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಗದ್ದಲ ಆಗಿ ಸದನ ಮುಂದಕ್ಕೆ ಹೋದರೆ ಅದನ್ನೂ ನೋಡಲಿ. ಹೊರಗೆ ಬಂದ ಮೇಲೆ ಮುಚ್ಚುಮರೆ ಇಲ್ಲದೆ ಮಾತಾಡು. ಪ್ರಶ್ನೆ ಕೇಳುವ ಹೊತ್ತು ಹಾಳಾದರೆ ಅದು ಯಾರ ಹೊತ್ತು ಎಂದು ಕೇಳು.

ಶಿಕ್ಷಕಿ: ಒಳಗೆ ಹಿಂದಿ, ಇಂಗ್ಲಿಷ್. ಮಕ್ಕಳಿಗೆ ಎಷ್ಟು ತಿಳಿದೀತು?

ಹಿರಿಯರು: ಉರ್ದು, ದಖನಿ ಕಿವಿಗೆ ಬಿದ್ದ ಮಕ್ಕಳು, ಹಿಂದಿ ತಕ್ಕಮಟ್ಟಿಗೆ ಹಿಡಿಯುತ್ತಾರೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ಅನುವಾದಕರಿದ್ದಾರೆ. 1967ರಲ್ಲಿ ಶಿವಮೊಗ್ಗದಿಂದ ಆರಿಸಿ ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು. ಹಿಂದಿ ಬರದಿದ್ದರೆ, ಇಂಗ್ಲಿಷ್ ಬರದಿದ್ದರೆ ಆ ಮನೆಯೊಳಗೆ ಕಾಲಿಡುವ ಹಾಗಿಲ್ಲ ಎಂದು ಒಂದು ಮಗುವೂ ಅಂದುಕೊಳ್ಳಬಾರದು. ಆವರಣದಲ್ಲಿ ಬಸವಣ್ಣನ ಮೂರ್ತಿ ಇದೆ, ಕಿತ್ತೂರು ಚೆನ್ನಮ್ಮನದೂ ಇದೆ. ಕಲ್ಯಾಣ ನಮ್ಮ ಪಕ್ಕದ ಊರು. ಅನುಭವ ಮಂಟಪದ ಹೆಸರು ಕೇಳಿ ಬೆಳೆದ ಮಕ್ಕಳಿಗೆ, ಹತ್ತು ಜನ ಕೂತು ವಾದ ಮಾಡುವುದು ಹೊಸತೇನಲ್ಲ.

ಶಿಕ್ಷಕಿ: ವಾದ ಅಂದಿರಲ್ಲ, ರೈಲಿನಲ್ಲಿ ಒಂದು ಆಟ ಆಡಿಸಬೇಕು ಅಂತಿದ್ದೇನೆ. ಸಂವಿಧಾನ ರಚನಾ ಸಭೆಯ 1949ರ ಅಕ್ಟೋಬರ್ 17ರ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಪ್ರಸ್ತಾವನೆ ದೇವರ ಹೆಸರಿನಿಂದ ಶುರುವಾಗಬೇಕು ಎಂದು ತಿದ್ದುಪಡಿ ತಂದರಲ್ಲ, ಅದು.

ಹಿರಿಯರು: ಬಹಳ ಒಳ್ಳೆಯದು! ದೇವರನ್ನು ಮತಕ್ಕೆ ಹಾಕಬೇಡಿ ಎಂದು ಕೆಲವರು ಬೇಡಿಕೊಂಡರು. ಕಾಮತರು ಬಿಡಲಿಲ್ಲ. ಹೃದಯನಾಥ ಕುಂಜ್ರು, ನಂಬಿಕೆ ಒಬ್ಬೊಬ್ಬರ ಸ್ವಂತದ್ದು, ಅದನ್ನು ಎಲ್ಲರ ಮೇಲೆ ಹೇರುವುದು ಸಲ್ಲ ಎಂದು ವಾದಿಸಿದರು. ಪರವಾಗಿ 41, ವಿರೋಧವಾಗಿ 68. ತಿದ್ದುಪಡಿ ಬಿತ್ತು. ನಾವು ಭಾರತದ ಜನರು ಎಂದೇ ಅದು ಶುರುವಾಯಿತು. ವಿರೋಧಿಸಿದವರೆಲ್ಲ ನಾಸ್ತಿಕರಾಗಿರಲಿಲ್ಲ ಅನ್ನುವುದನ್ನು ಮಾತ್ರ ಒತ್ತಿ ಹೇಳು. ಒಂದು ಬೋಗಿಯ ಮಕ್ಕಳನ್ನು ಎರಡು ಗುಂಪು ಮಾಡಿ ವಾದಕ್ಕೆ ಬಿಡು, ಅರ್ಧ ದಾರಿಯಲ್ಲಿ ಗುಂಪು ಅದಲುಬದಲು ಮಾಡಿಸು, ಸೊಲ್ಲಾಪುರ ದಾಟುವ ಮೊದಲು ಮತ ಹಾಕಿಸು.

ಶಿಕ್ಷಕಿ: ಯಾರು ಬರಬೇಕು ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ನಲವತ್ತು ಸೀಟು, ಮಕ್ಕಳು ಅದರ ಎರಡರಷ್ಟು. ಹೆಚ್ಚು ಅಂಕದವರನ್ನು ಕರೆದೊಯ್ಯಿರಿ ಎಂದು ಎಸ್‌ಡಿಎಂಸಿಯಲ್ಲಿ ಒಬ್ಬರು ಹೇಳಿದರು.

ಹಿರಿಯರು: ಬೇಡ. ಚೀಟಿ ಎತ್ತಿಸು. ಅರ್ಧ ಹೆಣ್ಣುಮಕ್ಕಳು, ಅದರಲ್ಲಿ ರಾಜಿ ಇಲ್ಲ. ಕಳಿಸುವುದಿಲ್ಲ ಅನ್ನುವ ಮನೆಗಳಿಗೆ ನಿನ್ನ ಜೊತೆ ನಾನೇ ಬರುತ್ತೇನೆ.

ಶಿಕ್ಷಕಿ: ನೀವು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ನಿನ್ನೆ ಒಬ್ಬ ಹುಡುಗಿ, ಖಣಿಯವಳೇ, ತರಗತಿಯಲ್ಲಿ ಎದ್ದು ಕೇಳಿದಳು: ರೇಷನ್ ಅಂಗಡಿಯಲ್ಲಿ ಅಕ್ಕಿ ತೂಕದಲ್ಲಿ ಕಡಿಮೆ ಕೊಟ್ಟರೆ ದೆಹಲಿಯಲ್ಲಿ ಯಾವ ಕಟ್ಟಡಕ್ಕೆ ಹೋಗಿ ಹೇಳಬೇಕು ಟೀಚರ್? ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಸಂಸತ್ತಿನಲ್ಲಿ ಆದದ್ದು ಎಂದು ಹೇಳಿದೆ. ಅವಳು ಸುಮ್ಮನೆ ನಿಂತೇ ಇದ್ದಳು. ಉತ್ತರ ಅದಲ್ಲ ಅನ್ನುವುದು ಅವಳ ಮುಖದಲ್ಲೇ ಇತ್ತು.

ಹಿರಿಯರು: ಅವಳಿಗೆ ದೆಹಲಿಯ ಯಾವ ಕಟ್ಟಡವೂ ಅಲ್ಲ, ತಾಲೂಕಿನ ಆಹಾರ ಶಾಖೆ. ಅಲ್ಲಿ ಆಗದಿದ್ದರೆ ಜಿಲ್ಲೆಯಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕೆಂದು ಆ ಕಾಯ್ದೆಯೇ ಹೇಳುತ್ತದೆ, ಅವರ ಮೇಲೆ ರಾಜ್ಯ ಆಹಾರ ಆಯೋಗ.

ಶಿಕ್ಷಕಿ: ಹಾಗಾದರೆ ಪ್ರವಾಸದ ಮೊದಲ ದಿನ ರೈಲು ಹತ್ತುವ ದಿನವಾಗಬಾರದು. ಅದಕ್ಕೆ ಒಂದು ವಾರ ಮುಂಚೆ ಮಕ್ಕಳನ್ನೆಲ್ಲ ತಹಶೀಲ್ದಾರ್ ಕಚೇರಿಗೆ ಕರೆದುಕೊಂಡು ಹೋಗಬೇಕು. ದೆಹಲಿಗೆ ಚೀಟಿ ಬಾರದ ಮಕ್ಕಳನ್ನೂ.

ಹಿರಿಯರು: ಅರ್ಜಿ ಯಾವ ಕಿಟಕಿಯಲ್ಲಿ ಕೊಡಬೇಕು, ಸ್ವೀಕೃತಿ ರಸೀದಿ ಕೇಳಿ ಪಡೆಯುವುದು ಹೇಗೆ ಎಂದು ಅಲ್ಲೇ ಕಲಿಸು. ಆ ಹುಡುಗಿಯ ಕೈಯಲ್ಲೇ ಬರೆಸು. ರಸೀದಿಯ ಒಂದು ಪ್ರತಿ ತೆಗೆದು ಸಂಸದರ ಪತ್ರದ ಜೊತೆ ಲಗತ್ತಿಸು. ದೆಹಲಿಗೆ ಹೋಗುವ ಹೊತ್ತಿಗೆ ಉತ್ತರ ಬಂದಿದೆಯೋ ಇಲ್ಲವೋ ಎಂದು ಅವಳೇ ಸಂಸದರನ್ನು ಕೇಳಲಿ.

ಶಿಕ್ಷಕಿ: ಕೇಳುತ್ತಾಳೆ ಸರ್. ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಚೀಟಿ ಎತ್ತಿಸುತ್ತೇನೆ, ನೀವು ಒಂಬತ್ತೂವರೆಗೆ ಶಾಲೆಗೆ ಬಂದುಬಿಡಿ.